ಕರೆಂಟು ಹೋದ ರಾತ್ರಿಗೆ ಒಂದು ಬ್ಯಾಟರಿ ಪೆಟ್ಟಿಗೆ

(ನಮ್ಮ ವಾಚನಾಲಯದ ಮಾಸಿಕ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಮೊದಲಿಗೆ ಒಂದು ಅರಿಕೆ. ನಾನು ಎಂಜಿನಿಯರನಲ್ಲ. ಮೆಟ್ರಿಕ್‌ವರೆಗೆ ಓದಿ, ಹಿಟ್ಟಿನ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಹೀಗಿದ್ದೂ ವಿದ್ಯುತ್ತಿನ ವಿಷಯವಾಗಿ ಮಾತನಾಡಲು ನಿಂತಿದ್ದೇನೆಂದರೆ, ಅದಕ್ಕೆ ಕಾರಣ ನನ್ನ ಪಾಂಡಿತ್ಯವಲ್ಲ, ನಾನು ಮಾಡಿದ ತಪ್ಪು.

ನಮ್ಮದು ಕೋಲಾರದ ಕಡೆ. ತಂದೆಯವರು ಚಿನ್ನದ ಗಣಿಯಲ್ಲಿ ಕೂಲಿ ಮಾಡಿದವರು. ೧೯೦೨ರಲ್ಲಿ ಶಿವನಸಮುದ್ರದಿಂದ ನೂರ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ತಂತಿ ಎಳೆದು ಆ ಗಣಿಗೆ ವಿದ್ಯುತ್ತು ತಂದರೆಂಬುದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ೨೦೦೧ರಲ್ಲಿ ಗಣಿ ಮುಚ್ಚಿತು; ನಾವು ಹೊಟ್ಟೆಪಾಡಿಗೆ ಈ ಚೆನ್ನೈಗೆ ಬಂದೆವು. ಕರೆಂಟಿನ ಬೆಲೆ ನನಗೆ ತಿಳಿದದ್ದು ಇಲ್ಲಿ, ಅದು ಇಲ್ಲದಾದಾಗ.

೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನು ತಾವು ಯಾರೂ ಮರೆತಿರಲಾರಿರಿ. ನಮ್ಮ ಬೀದಿಯಲ್ಲಿ ಮೂರು ದಿನ ಕತ್ತಲು. ನನ್ನ ತಾಯಿಗೆ ಉಬ್ಬಸ. ಔಷಧವನ್ನು ಹೊಗೆಯಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಎಂಬ ಯಂತ್ರ ಮನೆಯಲ್ಲಿದೆ. ಅದಕ್ಕೆ ಕರೆಂಟು ಬೇಕು. ಆ ಸಲ ಹೇಗೋ ಪಾರಾದೆವು. ಮುಂದಿನ ಮಳೆಗಾಲದ ಹೊತ್ತಿಗೆ ನಾನೊಂದು ಬ್ಯಾಟರಿ ಪೆಟ್ಟಿಗೆ ಕೊಂಡುಕೊಂಡೆ. ಪೇಟೆಯಲ್ಲಿ ಇದನ್ನು ಪೋರ್ಟಬಲ್ ಪವರ್ ಸ್ಟೇಷನ್ ಎನ್ನುತ್ತಾರೆ. ಮೇಲೆ ದಪ್ಪ ಅಕ್ಷರದಲ್ಲಿ ‘೩೦೦’ ಎಂದಿತ್ತು. ನನಗೆ ಅಷ್ಟೇ ಸಾಕಾಯಿತು.

೨೦೨೪ರ ನವೆಂಬರ್ ೩೦ರಂದು ಫೆಂಗಲ್ ಚಂಡಮಾರುತ ಬಂತು. ಮಧ್ಯಾಹ್ನವೇ ಕರೆಂಟು ಹೋಯಿತು. ರಾತ್ರಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಸೆಕೆ, ಸೊಳ್ಳೆ. ಪೆಟ್ಟಿಗೆಗೆ ಫ್ಯಾನು ಹಚ್ಚಿ, ಮಹಾ ಜಾಣನಂತೆ ಮಲಗಿದೆ. ಎರಡು ಗಂಟೆ ತುಂಬುವ ಮೊದಲೇ ಫ್ಯಾನು ನಿಂತಿತು. ನಡುರಾತ್ರಿ ತಾಯಿಗೆ ಉಸಿರು ಕಟ್ಟಿತು. “ಆ ಮಿಷನ್ ಹಾಕಪ್ಪಾ” ಎಂದರು. ಗುಂಡಿ ಒತ್ತಿದೆ, ಪೆಟ್ಟಿಗೆ ಬರಿದು. ಮೊಣಕಾಲುದ್ದ ನೀರಿನಲ್ಲಿ ಅವರನ್ನು ಹೊತ್ತು ದೊಡ್ಡ ರಸ್ತೆಗೆ ಹೋಗಿ, ಆಟೋ ಹಿಡಿದು ಆಸ್ಪತ್ರೆ ಸೇರಿಸಿದೆ. ತಾಯಿ ಉಳಿದರು. ಆದರೆ ಆ ಅರ್ಧ ಗಂಟೆಯ ಉಸಿರಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಇದನ್ನು ಕೊಳ್ಳುವ ಮೊದಲೇ ಮಾಡಬೇಕಾಗಿತ್ತು.

ನೀರಿನ ಹಂಡೆಯೊಂದನ್ನು ನೆನೆದುಕೊಳ್ಳಿ. ನಲ್ಲಿಯಿಂದ ಒಮ್ಮೆಗೆ ಎಷ್ಟು ನೀರು ಸುರಿಯುತ್ತದೆಂಬುದು ವ್ಯಾಟು. ಹಂಡೆಯಲ್ಲಿ ಒಟ್ಟು ಎಷ್ಟು ನೀರಿದೆಯೆಂಬುದು ವ್ಯಾಟ್-ಗಂಟೆ. ನಾನು ನೋಡಿದ ೩೦೦ ನಲ್ಲಿಯ ಅಳತೆ. ಹಂಡೆ ಬರಿಯ ೧೫೦ ವ್ಯಾಟ್-ಗಂಟೆಯದು. ಒಳಗಿನ ಕರೆಂಟನ್ನು ಮನೆಯ ಕರೆಂಟಿನಂತೆ ಮಾರ್ಪಡಿಸುವಾಗ ನೂರಕ್ಕೆ ಸುಮಾರು ಹದಿನೈದು ಪಾಲು ನಷ್ಟ. ಉಳಿದದ್ದು ೧೨೭. ಹಳೆಯ ಮಾದರಿಯ ೭೫ ವ್ಯಾಟಿನ ಫ್ಯಾನು ಅದನ್ನು ಒಂದು ಮುಕ್ಕಾಲು ಗಂಟೆಯೊಳಗೆ ಕುಡಿದುಬಿಟ್ಟಿತು. ಇನ್ನೊಂದು ಲೆಕ್ಕ ಕೇಳಿ. ತಾಯಿಯ ಯಂತ್ರಕ್ಕೆ ೧೩೦ ವ್ಯಾಟು. ಆದರೆ ಹತ್ತು ನಿಮಿಷ ಓಡಿದರೆ ಸಾಕು. ಸಲಕ್ಕೆ ೨೨ ವ್ಯಾಟ್-ಗಂಟೆ. ಅಂದರೆ ಅದೇ ಸಣ್ಣ ಪೆಟ್ಟಿಗೆಯಿಂದ ಐದು ಸಲ ಔಷಧ ಕೊಡಬಹುದಾಗಿತ್ತು! ಪೆಟ್ಟಿಗೆ ಸಣ್ಣದೆಂಬುದು ನಿಜ. ತಾಯಿಯ ಉಸಿರನ್ನು ನನ್ನ ನಿದ್ರೆಗೆ ಖರ್ಚು ಮಾಡಿದವನು ಮಾತ್ರ ನಾನೇ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕುಳಿತು ಒಂದು ರಾತ್ರಿಯ ಖರ್ಚು ಬರೆಯಿರಿ. ಉದಾಹರಣೆಗೆ ನಮ್ಮ ಮನೆಯದು: ಒಂಬತ್ತು ವ್ಯಾಟಿನ ಎರಡು ಎಲ್.ಇ.ಡಿ. ದೀಪ, ಐದು ಗಂಟೆಗೆ ೯೦. ಎರಡು ಮೊಬೈಲಿಗೆ ೩೦. ನೆಬ್ಯುಲೈಸರ್ ಮೂರು ಸಲಕ್ಕೆ ೬೫. ಹಳೆಯ ಫ್ಯಾನು ಎಂಟು ಗಂಟೆಗೆ ೬೦೦. ಒಟ್ಟು ೭೮೫, ನಷ್ಟ ಸೇರಿದರೆ ೯೦೦ ದಾಟುತ್ತದೆ. ಸಾವಿರದ ಪೆಟ್ಟಿಗೆಯೇ ಬೇಕು. ಅದರ ಬದಲು ಬಿ.ಎಲ್.ಡಿ.ಸಿ. ಎಂಬ ಹೊಸ ಮಾದರಿಯ ಫ್ಯಾನು ತಂದರೆ ೩೦ ವ್ಯಾಟು ಸಾಕು. ಎಂಟು ಗಂಟೆಗೆ ೨೪೦. ಒಟ್ಟು ೪೨೫; ನಷ್ಟ ಸೇರಿ ೫೦೦. ಫ್ಯಾನು ಬದಲಾಯಿಸಿದರೆ ಪೆಟ್ಟಿಗೆ ಅರ್ಧವಾಯಿತು! ಛಾವಣಿಯ ಫ್ಯಾನಿಗೆ ಈ ಪೆಟ್ಟಿಗೆಯನ್ನು ಸುಮ್ಮನೆ ಸೇರಿಸಲಾಗದು. ಪ್ಲಗ್ಗಿರುವ ಮೇಜಿನ ಫ್ಯಾನೇ ಬೇಕು.

ಕೆಲವರು ಹಂಡೆಯ ಅಳತೆಯನ್ನು ಎಂ.ಎ.ಎಚ್. ಎಂಬ ಭಾರಿ ಸಂಖ್ಯೆಯಲ್ಲಿ ಬರೆಯುತ್ತಾರೆ. ಅದನ್ನು ೩.೭ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಾಮಾನ್ಯವಾಗಿ ವ್ಯಾಟ್-ಗಂಟೆ ಸಿಗುತ್ತದೆ. ಒಂದು ಲಕ್ಷ ಮೂವತ್ತೈದು ಸಾವಿರ ಎಂದು ಕಂಡು ಬೆರಗಾಗಬೇಡಿ. ಅದು ಬರಿಯ ಐನೂರು. ಆಮೇಲೆ ಬೆಲೆಯನ್ನು ವ್ಯಾಟ್-ಗಂಟೆಯಿಂದ ಭಾಗಿಸಿ ಎರಡು ಪೆಟ್ಟಿಗೆಗಳನ್ನು ಹೋಲಿಸಿ. ಅಕ್ಕಿಯ ಬೆಲೆಯನ್ನು ಕಿಲೋ ಲೆಕ್ಕದಲ್ಲಿ ತಾನೆ ಕೇಳುತ್ತೇವೆ?

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಒಂದು, ಒಳಗಿನ ಬ್ಯಾಟರಿ ಯಾವ ಜಾತಿಯದು? ಲಿಥಿಯಂ ಐರನ್ ಫಾಸ್ಫೇಟ್ ಆದರೆ ಒಳ್ಳೆಯದು. ತೂಕ ತುಸು ಹೆಚ್ಚು, ಆದರೆ ಬೇಗ ಬೆಂಕಿ ಹಿಡಿಯದು, ಎರಡು ಮೂರು ಸಾವಿರ ಸಲ ತುಂಬಿ ಬರಿದು ಮಾಡಿದರೂ ಬಾಳುತ್ತದೆ. ಬ್ಯಾಟರಿಗೆ ಈ ವಸ್ತು ಒದಗುವುದೆಂದು ೧೯೯೦ರ ದಶಕದಲ್ಲಿ ತೋರಿಸಿದ್ದು ಅಮೆರಿಕದ ಜಾನ್ ಗುಡ್‌ಇನಫ್ ಅವರ ತಂಡ. ಲಿಥಿಯಂ ಬ್ಯಾಟರಿಗಾಗಿ ೨೦೧೯ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡಾಗ ಅವರಿಗೆ ೯೭ ವರ್ಷ. ಎರಡು, ಹೊರಗೆ ಬರುವ ಕರೆಂಟು ಶುದ್ಧ ಸೈನ್ ವೇವ್ ತಾನೆ? ಅಲ್ಲವಾದರೆ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಮೂರು, ಒಮ್ಮೆಲೇ ಬೀಳುವ ಭಾರ ಎಷ್ಟು ತಡೆಯುತ್ತದೆ? ಫ್ರಿಜ್ಜು ಓಡುವಾಗ ೧೫೦ ವ್ಯಾಟು ಕೇಳಿದರೂ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ನಾಲ್ಕು, ಬಿ.ಐ.ಎಸ್. ಗುರುತು, ಗ್ಯಾರಂಟಿ ಮತ್ತು ರಸೀದಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಇಂಡಕ್ಷನ್ ಒಲೆ ಇವುಗಳನ್ನು ಮರೆತುಬಿಡಿ.

ಸ್ವಂತ ಮನೆಯಿದ್ದವರಿಗೆ ಇನ್ವರ್ಟರು ಮತ್ತು ದೊಡ್ಡ ಸೀಸದ ಬ್ಯಾಟರಿ ಅಗ್ಗವಾದೀತು. ಆದರೆ ಅದು ಐವತ್ತು ಕಿಲೋ ಮೀರಿದ ಭಾರ; ಆಗಾಗ ನೀರು ಹಾಕಬೇಕು, ಗೋಡೆಯ ವೈರಿಂಗಿಗೆ ಸೇರಿಸಬೇಕು. ಹನ್ನೊಂದು ತಿಂಗಳ ಕರಾರಿನಲ್ಲಿ ಮನೆ ಬದಲಾಯಿಸುವ ನಮ್ಮಂಥವರಿಗೆ ಕೈಯಲ್ಲೆತ್ತುವ ಪೆಟ್ಟಿಗೆಯೇ ಅನುಕೂಲ. ಊರಿಗೆ ವಿಮಾನದಲ್ಲಿ ಮಾತ್ರ ಒಯ್ಯಲಾಗದು. ೧೬೦ ವ್ಯಾಟ್-ಗಂಟೆ ಮೀರಿದ್ದಕ್ಕೆ ಪ್ರಯಾಣಿಕರ ವಿಮಾನದಲ್ಲಿ ಅಪ್ಪಣೆಯಿಲ್ಲ.

ಕೊಂಡ ಮೇಲೆ ಪೆಟ್ಟಿಗೆಯನ್ನು ನೀರು ಬಾರದಷ್ಟು ಎತ್ತರದಲ್ಲಿ, ತಂಪಾದ ಕಡೆ ಇಡಿ. ಮೂರು ತಿಂಗಳಿಗೊಮ್ಮೆಯಾದರೂ ತುಂಬಿಸಿ. ಚಂಡಮಾರುತದ ಸುದ್ದಿ ಕೇಳಿದೊಡನೆ ಪೂರ್ತಿ ತುಂಬಿಸಿ. ಒದ್ದೆಯಾದದ್ದನ್ನು ಮತ್ತೆ ಹಚ್ಚಬೇಡಿ. ಎರಡು ಕಡೆಯೂ ಪ್ಲಗ್ಗಿರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟು ಕೊಡುವ ಜಾಣತನವಂತೂ ಬೇಡವೇ ಬೇಡ. ಕಂಬದ ಮೇಲೆ ದುರಸ್ತಿಗೆ ಹತ್ತಿದವನ ಪ್ರಾಣಕ್ಕೆ ಅದರಿಂದ ಅಪಾಯ.

ಕೊನೆಯದಾಗಿ ಒಂದು ಸೂಚನೆ. ಇಂಥ ಪೆಟ್ಟಿಗೆ ಎಲ್ಲರ ಸಂಬಳಕ್ಕೂ ಎಟುಕುವುದಿಲ್ಲ. ನಾವು ಚಂದಾ ಕೂಡಿಸಿ ವಾಚನಾಲಯಕ್ಕೆ ಸಾವಿರ ವ್ಯಾಟ್-ಗಂಟೆಯ ಒಂದನ್ನು ತರೋಣ. ಬೇರೆ ದಿನ ಅದು ಪರೀಕ್ಷೆಗೆ ಓದುವ ಮಕ್ಕಳಿಗೆ ದೀಪವಾಗಲಿ. ಮಳೆಯ ದಿನ, ಪುಸ್ತಕ ಕೊಟ್ಟಂತೆಯೇ ರಿಜಿಸ್ಟರಿನಲ್ಲಿ ಬರೆದು, ಔಷಧದ ಯಂತ್ರವಿರುವ ಮನೆಗೆ ಮೊದಲು ಕೊಡೋಣ. ರಿಜಿಸ್ಟರು ಬರೆಯುವ ಕೆಲಸ ನನ್ನದು. ಒಂದು ಲೆಕ್ಕ ತಪ್ಪಿ ತಾಯಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಈ ಲೆಕ್ಕವನ್ನು ಸರಿಯಾಗಿ ಇಡುತ್ತೇನೆ.