ಹೊರುವ ಕೆಲಸ, ತಣಿಸುವ ಕೆಲಸ

ಲಾರಿಗಳ ಹಿಂಬದಿಯ ಬರಹಗಳನ್ನು ಓದಿ ನಗುವವರು ನಮ್ಮಲ್ಲಿ ಅನೇಕರು. ಅವುಗಳ ಕೆಳಗೆ, ಅಚ್ಚಿಗೂ ಚಾಸಿಗೂ ನಡುವೆ ಬಾಗಿ ಕುಳಿತ ಉಕ್ಕಿನ ಪಟ್ಟಿಗಳ ಕಟ್ಟನ್ನು ಗಮನಿಸುವವರು ವಿರಳ. ಸರಕಿನ ಭಾರ ಚಕ್ರಕ್ಕೆ ಇಳಿಯುವುದು ಈ ಕಟ್ಟಿನ ಮೂಲಕ. ವಾಹನದ ಕುಲುಕಾಟವನ್ನು ತಗ್ಗಿಸಬಯಸುವವರು ಮೊದಲು ಅರಿಯಬೇಕಾದ ಒಂದು ಭೇದವನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಭಾರ ಹೊರುವುದು ಒಂದು ಕೆಲಸ. ಅಲುಗಾಟವನ್ನು ತಣಿಸುವುದು ಇನ್ನೊಂದು. ಮೊದಲನೆಯದು ಸ್ಪ್ರಿಂಗಿನದು. ಬಲ ಇಮ್ಮಡಿಯಾದರೆ ಸ್ಪ್ರಿಂಗಿನ ಬಾಗೂ ಇಮ್ಮಡಿ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ವಿವರಿಸಿದ್ದ. ಆದರೆ ಸ್ಪ್ರಿಂಗ್ ಬಲು ಪ್ರಾಮಾಣಿಕ ಸಾಲಗಾರ. ಪಡೆದ ಶಕ್ತಿಯನ್ನು ಮರಳಿಸಿಯೇ ತೀರುತ್ತದೆ. ಗುಂಡಿ ದಾಟಿದ ಮೇಲೂ ಗಾಡಿ ತೊಟ್ಟಿಲಿನಂತೆ ತೂಗುವುದು ಇದರಿಂದ. ಆ ಶಕ್ತಿಯನ್ನು ಕರಗಿಸುವುದು ಶಾಕ್ ಅಬ್ಸಾರ್ಬರು. ಅದರ ಕೊಳವೆಯೊಳಗೆ ಪಿಸ್ಟನ್ ಆಡಿದಾಗ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳಬೇಕು. ಆ ಪ್ರಯಾಸದಲ್ಲಿ ಚಲನೆ ಶಾಖವಾಗಿ ಗಾಳಿಗೆ ಸೇರುತ್ತದೆ. ಸಾಮಾನ್ಯ ಶಾಕ್ ಅಬ್ಸಾರ್ಬರು ಭಾರ ಹೊರುವುದಿಲ್ಲ. ಹೊಸದನ್ನು ಜೋಡಿಸಿದ ಮಾತ್ರಕ್ಕೆ ಒಂದು ಮೂಟೆಯನ್ನೂ ಹೆಚ್ಚಿಗೆ ಹೇರುವಂತಿಲ್ಲ.

ಪಟ್ಟಿಗಳು ಒಂದನ್ನೊಂದು ಉಜ್ಜುವ ಘರ್ಷಣೆಯೂ ತೂಗಾಟವನ್ನು ಅಷ್ಟಿಷ್ಟು ತಡೆಯುತ್ತದೆ. ನಡುವೆ ದಪ್ಪವಾಗಿ ತುದಿಯತ್ತ ತೆಳುವಾಗುವ ಪ್ಯಾರಾಬೊಲಿಕ್ ಪಟ್ಟಿಗಳಲ್ಲಿ ಸಂಖ್ಯೆ ಕಡಮೆ, ಉಜ್ಜಾಟವೂ ಕಡಮೆ, ಓಟ ಮೃದು. ಆದ್ದರಿಂದಲೇ ಅವುಗಳ ಜೊತೆಗೆ ಒಳ್ಳೆಯ ಶಾಕ್ ಅಬ್ಸಾರ್ಬರು ಅಗತ್ಯ.

ಹಿಂಬದಿ ಕುಸಿಯಿತೆಂದು ಮತ್ತೊಂದು ಪಟ್ಟಿ ಸೇರಿಸುವುದು ರೂಢಿ. ಗಾಡಿ ತಲೆಯೆತ್ತಿ ನಿಲ್ಲುತ್ತದೆ, ನಿಜ. ಆದರೆ ಬ್ರೇಕು, ಟೈರು, ಅಚ್ಚುಗಳ ಶಕ್ತಿ ಇದ್ದಷ್ಟೇ ಇರುತ್ತದೆ. ಮೇಲಾಗಿ, ತುಂಬಿದಾಗ ತಕ್ಕುದಾದ ಬಿಗಿ ಖಾಲಿಯಾದಾಗ ಅತಿಯಾಗಿ, ಚಕ್ರ ನೆಲಬಿಟ್ಟು ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ವ್ಯರ್ಥ. ಭಾರ ಬಿದ್ದಾಗ ಮಾತ್ರ ಆಸರೆಯಾಗುವ ಸಹಾಯಕ ಸ್ಪ್ರಿಂಗು, ಒತ್ತಡವನ್ನು ಹೆಚ್ಚುಕಡಮೆ ಮಾಡಬಲ್ಲ ಗಾಳಿಚೀಲ, ಇವು ಹೆಚ್ಚು ವಿವೇಕದ ದಾರಿಗಳು. ಇವೂ ತಯಾರಕರು ನಿಗದಿಮಾಡಿದ ತೂಕದ ಮಿತಿಯನ್ನು ಏರಿಸಲಾರವು.

ಹಿಂದೆ ಟ್ರೇಲರ್ ಕಟ್ಟಿದಾಗ ಎಚ್ಚರ ಇಮ್ಮಡಿಯಾಗಬೇಕು. ಕೊಂಡಿ ಹಿಂದಿನ ಅಚ್ಚಿಗಿಂತ ಹಿಂದಿರುವ ಕಾರಣ, ಅಲ್ಲಿ ಬಿದ್ದ ಭಾರ ಮುಂದಿನ ಚಕ್ರಗಳನ್ನು ಹಗುರಗೊಳಿಸುತ್ತದೆ. ಸ್ಟಿಯರಿಂಗಿನ ಹಿಡಿತ ಸಡಿಲುತ್ತದೆ. ಹಾಗೆಂದು ಕೊಂಡಿಯ ಭಾರವನ್ನು ತೀರ ಇಳಿಸುವಂತೆಯೂ ಇಲ್ಲ. ನಡುವೆ ಅಚ್ಚುಳ್ಳ ಸಾಮಾನ್ಯ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲಿರಬೇಕೆಂಬುದು ರೂಢಿಯ ಲೆಕ್ಕ. 2,000 ಕಿಲೋಗ್ರಾಮಿಗೆ 200ರಿಂದ 300. ಸರಕನ್ನೆಲ್ಲ ಹಿಂತುದಿಗೆ ಒಟ್ಟಿದರೆ ವೇಗದಲ್ಲಿ ಟ್ರೇಲರು ಅತ್ತಿತ್ತ ಓಲಾಡತೊಡಗಿ ಎಳೆಯುವ ಗಾಡಿಯನ್ನೇ ಸೆಳೆದೊಯ್ಯಬಲ್ಲದು. ಇದಕ್ಕೆ ಮೊದಲ ಮದ್ದು ಹೇರುವ ಕ್ರಮದಲ್ಲಿದೆ. ಬಿಡಿಭಾಗದ ಅಂಗಡಿಯಲ್ಲಿ ಅಲ್ಲ.

ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ನಡೆಸಿದ ಪರೀಕ್ಷೆಯಿಂದ ಹೊರಟ ಅಂದಾಜಿನಂತೆ, ಒಂದು ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು 16 ಪಟ್ಟು. ರಸ್ತೆ ಕೆಟ್ಟಷ್ಟೂ ಚಕ್ರ ಪುಟಿಯುತ್ತದೆ. ಪುಟಿದಷ್ಟೂ ರಸ್ತೆ ಕೆಡುತ್ತದೆ.

ಎಣ್ಣೆ ಸೋರಿದ ಕೊಳವೆ, ಅಲ್ಲಲ್ಲಿ ತಗ್ಗಾಗಿ ಸವೆದ ಟೈರು, ಬಿರುಕುಬಿಟ್ಟ ಪಟ್ಟಿ: ಇವು ವಾಹನ ತನ್ನ ನೋವನ್ನು ಹೇಳಿಕೊಳ್ಳುವ ಬಗೆ. ಅದನ್ನು ಕಿವಿಗೊಟ್ಟು ಕೇಳುವ ಮಾಲೀಕನು ಸರಕನ್ನಷ್ಟೇ ಕಾಯುವುದಿಲ್ಲ. ಚಾಲಕನ ಬೆನ್ನೆಲುಬನ್ನೂ ಎದುರು ಬರುವ ಅಪರಿಚಿತನ ಜೀವವನ್ನೂ ಕಾಯುತ್ತಾನೆ.