ಗಾಡಿ ಬರುವ ಮುಂಚಿನ ಹತ್ತು ನಿಮಿಷ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನ್ನಂಥವನು ವೈದ್ಯದ ಮಾತನ್ನೆತ್ತಿದರೆ ತಮಗೆ ಆಶ್ಚರ್ಯವಾದೀತು. ನಾನು ಓದಿದ್ದು ಬಿ.ಕಾಂ.; ವೈದ್ಯಶಾಸ್ತ್ರದ ಗಂಧವೂ ನನಗಿಲ್ಲ. ಆದರೂ ಕಾರ್ಯದರ್ಶಿಗಳು ‘ಯಾವುದಾದರೊಂದು ವಿಷಯವಾಗಿ ಮಾತನಾಡಿ’ ಎಂದಾಗ ನನಗೆ ಹೊಳೆದದ್ದು ಇದೊಂದೇ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ತಿಂಗಳ ಮೊದಲ ವಾರ. ಪಿಂಚಣಿದಾರರ ಸಾಲು ಬಾಗಿಲವರೆಗೆ ನಿಂತಿತ್ತು. ನಮ್ಮ ಶಾಖೆಯ ಹೆಡ್ ಕ್ಯಾಶಿಯರರು ಕುಂದಾಪುರದ ಕಡೆಯವರು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಕೈಯಲ್ಲಿ ನೋಟಿನ ಕಟ್ಟು ಹಿಡಿದಿದ್ದವರು ಹಾಗೆಯೇ ಕುರ್ಚಿಯಿಂದ ಕೆಳಕ್ಕೆ ಜಾರಿದರು. ನಾವು ಹತ್ತು ಹನ್ನೆರಡು ಮಂದಿ ಓಡಿದೆವು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಇನ್ನೊಬ್ಬರು ಕ್ಯಾಂಟೀನಿನಿಂದ ಈರುಳ್ಳಿ ತಂದು ಮೂಗಿಗೆ ಹಿಡಿದರು. ಮತ್ತೊಬ್ಬರು ಅಂಗಾಲು ತಿಕ್ಕಿದರು. ನಾನು ಟ್ಯಾಕ್ಸಿಗಾಗಿ ಬೀದಿಗೆ ಓಡಿದೆ. 108ಕ್ಕೆ ಫೋನು ಮಾಡಬೇಕೆಂದು ಒಬ್ಬರಿಗೂ ತೋಚಲಿಲ್ಲ. ಅವರು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಉಸಿರೆಳೆಯುತ್ತಿದ್ದರು. ‘ಉಸಿರಿದೆ, ಉಸಿರಿದೆ’ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು, ಟ್ಯಾಕ್ಸಿಯಲ್ಲಿ ಇಬ್ಬರ ನಡುವೆ ಅವರನ್ನು ನೆಟ್ಟಗೆ ಕೂರಿಸಿಕೊಂಡು ಹೊರಟೆವು. ಆಸ್ಪತ್ರೆ ಮುಟ್ಟುವಾಗ ಅರ್ಧ ಗಂಟೆ ಕಳೆದಿತ್ತು. ನೋಡಿದ ತರುಣ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ‘ಕೋಣೀ ಛಾತೀ ದಾಬಲೀ ಕಾ?’ ಯಾರಾದರೂ ಎದೆ ಒತ್ತಿದಿರಾ? ನಾವು ಮುಖ ಮುಖ ನೋಡಿಕೊಂಡೆವು.

ಹದಿಮೂರನೆಯ ದಿನ ಅವರ ಮನೆಗೆ ಹೋದಾಗ ಅಮ್ಮನವರು, ‘ನೀವೆಲ್ಲ ಜೊತೆಗಿದ್ದಿರಿ, ಅಷ್ಟೇ ನನಗೆ ಸಮಾಧಾನ’ ಎಂದರು. ಬೈದಿದ್ದರೆ ಸಹಿಸಬಹುದಾಗಿತ್ತು, ಆ ಕೃತಜ್ಞತೆಯನ್ನು ಸಹಿಸಲಾಗಲಿಲ್ಲ. ಅದೇ ತಿಂಗಳು ಎರಡು ಭಾನುವಾರ ನಾನೊಂದು ಪ್ರಥಮ ಚಿಕಿತ್ಸೆಯ ತರಗತಿಗೆ ಹೋದೆ. ಇಂದು ಹೇಳುವುದು ಅಲ್ಲಿ ಕಲಿತದ್ದು, ಆ ಮೇಲೆ ಓದಿ ಕೇಳಿ ತಿಳಿದದ್ದು.

ತರಗತಿ ನಡೆಸಿದವರು ಆಂಬುಲೆನ್ಸಿನಲ್ಲಿ ದುಡಿದ ಒಬ್ಬ ಯುವತಿ. ಅವರು ಮೊದಲು ಕಲಿಸಿದ್ದೇ ನನ್ನ ಎದೆಗೆ ನಾಟಿತು. ಹೃದಯ ನಿಂತ ಮನುಷ್ಯ ಕೆಲವು ನಿಮಿಷಗಳವರೆಗೆ ಗೊರಕೆಯಂತೆ ಏದುಸಿರು ಬಿಡುವುದುಂಟು, ಅದು ಉಸಿರಾಟವಲ್ಲ. ನಾವು ಯಾವುದನ್ನು ಜೀವವೆಂದು ನಂಬಿದ್ದೆವೋ ಅದೇ ‘ಎದೆ ಒತ್ತಿ’ ಎಂಬ ಕರೆಯಾಗಿತ್ತು. ಎದೆ ಒತ್ತದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆಯೆಂದು ವೈದ್ಯರ ಲೆಕ್ಕ. ನಮ್ಮ ಲೆಡ್ಜರಿನ ಮಾತಿನಲ್ಲಿ ಹೇಳುವುದಾದರೆ, ಹತ್ತು ನಿಮಿಷದಲ್ಲಿ ಖಾತೆ ಬರಿದು. ಮುಂಬಯಿಯ ರಸ್ತೆಯಲ್ಲಿ ಹತ್ತು ನಿಮಿಷದೊಳಗೆ ಯಾವ ಗಾಡಿಯಾದರೂ ಬಂದೀತೆಂದು ನೆಚ್ಚಿ ಕೂರುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಕೆಲಸ ಕಠಿನವೇನೂ ಅಲ್ಲ. ಬಿದ್ದವರ ಭುಜ ತಟ್ಟಿ ಕರೆಯಿರಿ. ಓಗೊಡದಿದ್ದರೆ, ಸರಿಯಾಗಿ ಉಸಿರಾಡದಿದ್ದರೆ, ಒಬ್ಬರು 108ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಮತ್ತೊಂದು ಕೈಯನ್ನಿಟ್ಟು, ಮೊಣಕೈ ಮಡಿಸದೆ ಎರಡು ಅಂಗುಲದಷ್ಟು ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ನಿಮಿಷಕ್ಕೆ 100ರಿಂದ 120 ಸಲ. ಎರಡೇ ನಿಮಿಷದಲ್ಲಿ ತೋಳು ಸೋಲುತ್ತದೆ; ಆಗ ಇನ್ನೊಬ್ಬರು ಮುಂದುವರಿಸಬೇಕು. ಅಂದು ಸುತ್ತ ನಿಂತಿದ್ದ ನಾವು ಹತ್ತು ಹನ್ನೆರಡು ಮಂದಿ ಸರದಿಯಂತೆ ಒತ್ತಿದ್ದರೆ! ಒತ್ತಿದವರೆಲ್ಲ ಬದುಕುತ್ತಾರೆಂದು ನಾನು ಹೇಳಲಾರೆ. ಆದರೆ ನಾವು ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ.

ಈ ವಿದ್ಯೆಯೇನೂ ಪುರಾತನವಲ್ಲ. ಹೊರಗಿನಿಂದ ಎದೆ ಒತ್ತಿ ರಕ್ತ ಹರಿಸಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕೌವೆನ್‌ಹೋವನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ್ದು 1960ರಲ್ಲಿ. ಕೌವೆನ್‌ಹೋವನ್ ವೈದ್ಯರಲ್ಲ, ವಿದ್ಯುತ್ ಇಂಜಿನಿಯರು! 1966ರಲ್ಲಿ ಬೆಲ್‌ಫಾಸ್ಟಿನ ಡಾ. ಪ್ಯಾಂಟ್ರಿಜ್ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಡುವ ಯಂತ್ರವನ್ನು ಗಾಡಿಯಲ್ಲಿಟ್ಟು ರೋಗಿಯಿದ್ದಲ್ಲಿಗೇ ಕಳುಹಿಸಿದರು. ಮರುವರ್ಷ ಪಿಟ್ಸ್‌ಬರ್ಗಿನಲ್ಲಿ ಕೆಲಸವಿಲ್ಲದ ಕರಿಯ ತರುಣರನ್ನು ಆರಿಸಿ, ಡಾ. ಪೀಟರ್ ಸಫಾರರು ರೂಪಿಸಿದ ಪಾಠಗಳಿಂದ ತರಬೇತು ಮಾಡಿ, ಆಂಬುಲೆನ್ಸಿನ ಮೇಲೆ ನಿಲ್ಲಿಸಿದರು. ಅದರ ಹೆಸರು ಫ್ರೀಡಂ ಹೌಸ್. ಜೀವ ಉಳಿಸುವುದಕ್ಕೆ ಡಾಕ್ಟರ ಪದವಿಯೇ ಬೇಕೆಂದಿಲ್ಲ, ಸರಿಯಾದ ಶಿಕ್ಷಣ ಬೇಕು ಎಂದು ಆ ತರುಣರು ತೋರಿಸಿಕೊಟ್ಟರು.

ನಮ್ಮ ನಾಡಿನಲ್ಲಿ ಆಂಬುಲೆನ್ಸೆಂದರೆ ಮಲಗಿಸಿ ಸಾಗಿಸುವ ಗಾಡಿ ಎಂಬ ಭಾವನೆ ಬಹುಕಾಲ ಹೋಗಲಿಲ್ಲ. ಈ ಮುಂಬಯಿಯಲ್ಲಿ ಕೆಲವರು ಗೆಳೆಯರು ಕೂಡಿ 2005ರಲ್ಲಿ 1298 ಎಂಬ ಸೇವೆಯನ್ನು ಆರಂಭಿಸಿದರು. ಅವರಲ್ಲೊಬ್ಬರ ತಾಯಿ ನ್ಯೂಯಾರ್ಕಿನಲ್ಲಿ ಕುಸಿದಾಗ ಫೋನಿಗೆ ಓಗೊಟ್ಟು ಗಾಡಿ ಬಂದು ಬದುಕಿಸಿತ್ತು. ಇನ್ನೊಬ್ಬರ ತಾಯಿಗೆ ಕೇರಳದಲ್ಲಿ ರಾತ್ರಿ ಉಸಿರು ಕಟ್ಟಿದಾಗ ಕರೆಯಲು ಅಂಥ ಗಾಡಿಯೇ ಇರಲಿಲ್ಲ. ಈ ಎರಡು ತಾಯಂದಿರ ಅಂತರವೇ ಆ ಸೇವೆಯ ಮೂಲ. 2008ರ ನವೆಂಬರ್ 26ರ ರಾತ್ರಿ ನಗರದ ಮೇಲೆ ಉಗ್ರರ ದಾಳಿಯಾದಾಗ ಗಾಯಾಳುಗಳನ್ನು ಹೊತ್ತ ಗಾಡಿಗಳಲ್ಲಿ ಅವರವೂ ಇದ್ದವು.

108 ಹುಟ್ಟಿದ್ದು 2005ರ ಆಗಸ್ಟ್ 15ರಂದು, ಹೈದರಾಬಾದಿನಲ್ಲಿ. ಕರ್ನಾಟಕಕ್ಕೆ ಅದು ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ಬಂದದ್ದು 2008ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ! ಮಹಾರಾಷ್ಟ್ರದಲ್ಲಿ 2014ರಲ್ಲಿ 937 ಗಾಡಿಗಳೊಡನೆ ಆರಂಭವಾಯಿತು. ಇಲ್ಲಿ ಗಾಡಿಯಲ್ಲಿ ವೈದ್ಯರನ್ನೇ ಕೂರಿಸುವ ಪದ್ಧತಿಯನ್ನಿಟ್ಟರು. ಕರ್ನಾಟಕದಲ್ಲಾದರೋ ತುರ್ತು ಚಿಕಿತ್ಸೆಯಲ್ಲಿ ತರಬೇತಾದ ತಂತ್ರಜ್ಞರು ಬರುತ್ತಾರೆ. ಉಸಿರಿನ ದಾರಿ ತೆರೆಯುವುದು, ಆಮ್ಲಜನಕ ಕೊಡುವುದು, ರಕ್ತ ನಿಲ್ಲಿಸುವುದು, ಮುರಿದ ಎಲುಬು ಅಲುಗದಂತೆ ಕಟ್ಟುವುದು, ದಾರಿಯಲ್ಲೇ ಹೆರಿಗೆಯಾದರೆ ತಾಯಿ ಮಗುವನ್ನು ಕಾಯುವುದು, ಇವೆಲ್ಲ ಅವರ ವಿದ್ಯೆ. 2021ರಲ್ಲಿ ಸಂಸತ್ತು ಮಾಡಿದ ಸಹವೈದ್ಯಕೀಯ ವೃತ್ತಿಗಳ ಕಾಯ್ದೆಯಲ್ಲಿ ಈ ತಂತ್ರಜ್ಞರ ಹೆಸರೂ ಸೇರಿತು. ಕೆಲಸ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಕಡೆಗೂ ಕಣ್ಣು ಹಾಯಿಸಲಿ.

ಇನ್ನು ನಮ್ಮ ಲೋಕಲ್ ರೈಲು. ಡೊಂಬಿವಲಿಯಿಂದಲೋ ವಸಯಿಯಿಂದಲೋ ನಿತ್ಯ ಬರುವ ತಮಗೆ ಬೇರೆ ಹೇಳಬೇಕೆ? 2023ರ ಒಂದೇ ವರ್ಷದಲ್ಲಿ ಈ ಉಪನಗರದ ಹಳಿಗಳ ಮೇಲೆ 2,590 ಮಂದಿ ಸತ್ತರು. ದಿನಕ್ಕೆ ಸರಾಸರಿ ಏಳು ಜನ. ಬಿದ್ದವರನ್ನು ಕಂಡರೆ ನಾವು ಮಾಡುವ ತಪ್ಪು ಎರಡು: ದೂರ ಸರಿಯುತ್ತೇವೆ, ಇಲ್ಲವೆ ಕೈ ಕಾಲು ಹಿಡಿದು ಎತ್ತುತ್ತೇವೆ. ಬೆನ್ನೆಲುಬಿಗೆ ಪೆಟ್ಟಾದವರನ್ನು ಹಾಗೆತ್ತಿದರೆ ಬದುಕಿದರೂ ಕಾಲು ಬಾರದೆ ಹೋಗಬಹುದು. ಹಳಿಯ ಮೇಲಿಂದ ಅವರನ್ನು ಸರಿಸಲೇಬೇಕಾದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಲವರು ಕೂಡಿ ಹಿಡಿಯಬೇಕು. ಹರಿಯುವ ರಕ್ತದ ಮೇಲೆ ಶುಭ್ರವಾದ ಕರ್ಚೀಪನ್ನು ಬಿಗಿಯಾಗಿ ಒತ್ತಿ ಹಿಡಿಯಬೇಕು. ಹೇಗಿದೆಯೆಂದು ಮತ್ತೆ ಮತ್ತೆ ತೆಗೆದು ನೋಡಬಾರದು. ರೈಲಿನ ನೆರವಿಗೆ 139 ಇದೆ.

‘ನಮಗೇಕೆ ಪೋಲೀಸಿನವರ ಉಸಾಬರಿ?’ ಎಂದು ಕೆಲವರು ಹಿಂಜರಿಯುತ್ತಾರೆ. ಆ ಭಯಕ್ಕೆ ಈಗ ಆಧಾರವಿಲ್ಲ. ತುರ್ತಿನಲ್ಲಿ ಬಂದವರಿಗೆ ಚಿಕಿತ್ಸೆ ಮಾಡುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿತು. 2016ರ ಮಾರ್ಚಿಯಲ್ಲಿ ಗಾಯಾಳುವಿಗೆ ನೆರವಾದವರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನಗಳ ಕಾಯ್ದೆಯಲ್ಲಿಯೂ ಅದು ಸೇರಿತು. ರಸ್ತೆಯ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ವಿಳಾಸ ಹೇಳಲೇಬೇಕೆಂಬ ಬಲಾತ್ಕಾರವಿಲ್ಲ. ಕರ್ನಾಟಕವಂತೂ ಇದಕ್ಕಾಗಿ 2016ರ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ.

ಇನ್ನು ಮನೆಯ ಮಾತು. ನಮ್ಮಲ್ಲಿ ಅನೇಕರ ಮನೆಯಲ್ಲಿ ಊರಿನಿಂದ ಬಂದ ತಾಯಿಯೋ ಅತ್ತೆಯೋ ಇದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಹಗಲೆಲ್ಲ ಆ ಹಿರಿಯ ಜೀವಗಳು ಇಬ್ಬರೇ, ಕೆಲವೆಡೆ ಒಬ್ಬರೇ. ಅವರಿಗೆ ಕನ್ನಡವೋ ತುಳುವೋ ಬಿಟ್ಟು ಬೇರೆ ಮಾತು ಬಾರದು. ಮಾವನವರು ಬಚ್ಚಲಿನಲ್ಲಿ ಬಿದ್ದರೆ ಅತ್ತೆಯವರು ಯಾರಿಗೆ ಏನೆಂದು ಹೇಳಬೇಕು? ಅದಕ್ಕೆ ನಾನು ನನ್ನ ಮನೆಯ ಬಾಗಿಲ ಹಿಂದೆ ದಪ್ಪಕ್ಷರದ ಒಂದು ಚೀಟಿ ಅಂಟಿಸಿದ್ದೇನೆ. ಮೇಲೆ 108. ಅದರ ಕೆಳಗೆ ಕನ್ನಡ ಲಿಪಿಯಲ್ಲಿ, ‘ಬೇಶುದ್ಧ ಆಹೇತ, ಲವಕರ ಯಾ’ ಎಂಬ ಮರಾಠಿ ವಾಕ್ಯ; ಎಚ್ಚರ ತಪ್ಪಿದ್ದಾರೆ, ಬೇಗ ಬನ್ನಿ ಎಂದು ಅರ್ಥ. ಅದರ ಕೆಳಗೆ ಕಟ್ಟಡದ ಹೆಸರು, ವಿಂಗು, ಮಹಡಿ, ಹತ್ತಿರದ ಗುರುತು, ಮತ್ತು ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ ಎಂಬುದು. ಇದೊಂದನ್ನು ತಪ್ಪಿ ಹೇಳಿದರೆ ಗಾಡಿ ಹಳಿಯ ಆಚೆ ಕಡೆ ನಿಂತು, ಸೇತುವೆ ಸುತ್ತಿ ಬರಬೇಕಾಗುತ್ತದೆ. ಕೊನೆಗೆ, ವಾಚ್‌ಮನ್ನನನ್ನು ಗೇಟಿಗೆ ಕಳುಹಿಸಿ ಲಿಫ್ಟನ್ನು ಕೆಳಗೆ ಹಿಡಿದಿರಿಸುವುದು. ನಮ್ಮ ತಾಯಿ ಆ ವಾಕ್ಯವನ್ನು ಈಗ ಬಾಯಿಪಾಠ ಮಾಡಿದ್ದಾರೆ. ‘ಎಲೋ, ಮರಾಠಿ ಕಲಿಸುವುದಾದರೆ ತರಕಾರಿ ಕೊಳ್ಳುವ ಮಾತು ಕಲಿಸಬಾರದಿತ್ತೆ?’ ಎಂದು ನಗುತ್ತಾರೆ.

2021ರ ಅಕ್ಟೋಬರ್ 29ರಂದು 46ರ ಪ್ರಾಯದ ಪುನೀತ್ ರಾಜಕುಮಾರ್ ತೀರಿಕೊಂಡಾಗ ನಾವೆಲ್ಲ ಕಣ್ಣೀರಿಟ್ಟೆವು. ಕರ್ನಾಟಕ ಸರಕಾರವು ಅವರ ಹೆಸರಿನಲ್ಲಿ ಹೃದಯಾಘಾತದ ತುರ್ತು ಚಿಕಿತ್ಸೆಯ ಯೋಜನೆಯನ್ನು ತಂದಿತು. ಮರುಗಿದ್ದಾಯಿತು; ನಮ್ಮಲ್ಲಿ ಕಲಿತವರೆಷ್ಟು?

ಸಂಘದ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಪ್ರತಿವರ್ಷ ನಾಟಕ, ಯಕ್ಷಗಾನಗಳ ಜೊತೆಗೆ ಒಂದು ಭಾನುವಾರದ ಮೂರು ಗಂಟೆಗಳನ್ನು ಈ ವಿದ್ಯೆಗೆ ಮೀಸಲಿಡೋಣ. ತರಬೇತಾದವರೊಬ್ಬರನ್ನು ಕರೆಸಿ, ರಬ್ಬರಿನ ಬೊಂಬೆಯೊಂದನ್ನು ತರಿಸಿ, ಮನೆಗೊಬ್ಬರಂತೆ ಕಲಿಯೋಣ. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರನ್ನು ತಪ್ಪದೆ ಕರೆಯೋಣ. ತುತ್ತು ಗಂಟಲಿಗೆ ಸಿಕ್ಕಿ ಒದ್ದಾಡುವ ಗಿರಾಕಿಯ ಬಳಿ ಮೊದಲು ನಿಲ್ಲುವವರು ಅವರೇ.

ಕ್ಯಾಶಿಯರರ ಕುರ್ಚಿಯಲ್ಲಿ ಈಗ ಬೇರೊಬ್ಬರು ಕೂರುತ್ತಾರೆ. ಆ ಕೌಂಟರಿನ ಮುಂದೆ ಹಾದಾಗಲೆಲ್ಲ ವೈದ್ಯರ ಆ ಪ್ರಶ್ನೆ ನನ್ನ ಕಿವಿಯಲ್ಲಿ ಕೇಳುತ್ತದೆ. ಅದೇ ಪ್ರಶ್ನೆಯನ್ನು ಮುಂದೆ ಯಾರಾದರೂ ತಮ್ಮಲ್ಲೊಬ್ಬರನ್ನು ಕೇಳಿದರೆ, ‘ಹೌದು, ಒತ್ತಿದೆ’ ಎನ್ನುವಂತಾಗಲಿ.