ಈರಮ್ಮನವರ ಕುಮಾರರಾಮ



ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೊ ದೇಶದಿಂದ ದಿಲ್ಲಿಗೆ ಬಂದ ಇಬ್ನ್ ಬತೂತ ಎಂಬ ಪ್ರವಾಸಿ ನಮ್ಮ ಕಂಪ್ಲಿಯ ಸುದ್ದಿಯನ್ನೂ ಬರೆದಿಟ್ಟಿದ್ದಾನೆ. ಸುಲ್ತಾನ ಮಹಮದ್ ಬಿನ್ ತುಘಲಕನ ಮೇಲೆ ಬಂಡೆದ್ದ ಅವನ ಬಂಧು ಬಹಾವುದ್ದೀನ ಸೋತು ಓಡಿ ಬಂದು ಕಂಪ್ಲಿಯ ಅರಸ ಕಂಪಿಲರಾಯನ ಮರೆಹೊಕ್ಕ. ಬೆನ್ನಿಗೇ ದಿಲ್ಲಿಯ ದಂಡು ಬಂತು. ಮರೆಹೊಕ್ಕವನನ್ನು ರಾಯ ಒಪ್ಪಿಸಲಿಲ್ಲ, ಇನ್ನೊಬ್ಬ ಅರಸನ ಕಡೆಗೆ ಸಾಗಹಾಕಿದ. ಆಮೇಲೆ ಕೋಟೆಯ ಹೆಂಗಸರು ಬೆಂಕಿಗೆ ಬಿದ್ದರು, ರಾಯ ಕಾದಾಡಿ ಮಡಿದ. ಸೆರೆಹೋದ ರಾಯನ ಮಕ್ಕಳಲ್ಲಿ ಕೆಲವರನ್ನು ಮುಂದೆ ದಿಲ್ಲಿಯಲ್ಲಿ ತಾನೇ ಕಂಡಿದ್ದಾಗಿಯೂ ಈ ಪ್ರವಾಸಿ ಹೇಳುತ್ತಾನೆ. ಇದೆಲ್ಲ 1327ರ ಸುಮಾರಿನ ಸಂಗತಿ.

ಇಬ್ನ್ ಬತೂತನ ಪುಸ್ತಕವಿರಲಿ, ಯಾವ ಪುಸ್ತಕವನ್ನೂ ಓದಲು ಬಾರದ ಹೆಣ್ಣುಮಗಳೊಬ್ಬರು ಅದೇ ಕಂಪಿಲರಾಯನ ಮನೆಯ ಕಥೆಯನ್ನು ಮೊನ್ನೆಮೊನ್ನೆಯವರೆಗೆ ರಾತ್ರಿಯಿಡೀ ಹಾಡುತ್ತಿದ್ದರು. ಅವರು ದರೋಜಿ ಈರಮ್ಮ. ಬುರ್ರಕಥೆ ಈರಮ್ಮ ಎಂದರೆ ಇನ್ನೂ ಬೇಗ ಗುರುತು ಹತ್ತುತ್ತದೆ. ಸಂಡೂರು ತಾಲ್ಲೂಕಿನ ದರೋಜಿಯವರು, ಊರೂರು ತಿರುಗಿ ಕಥೆ ಹೇಳಿ ಬದುಕುವ ಬುಡ್ಗ ಜಂಗಮ ಸಮುದಾಯದವರು. 1930ರಲ್ಲಿ ಹುಟ್ಟಿ 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮನೆಮಾತು ತೆಲುಗು, ಕಥೆ ಹೇಳುತ್ತಿದ್ದುದು ಕನ್ನಡದಲ್ಲಿ. ಹುಡುಗಿಯಾಗಿದ್ದಾಗಲೇ ತಂದೆಯಿಂದ ಕಲಿತರು. ಎಡಬಲಕ್ಕೆ ದನಿಗೂಡಿಸಲು ಮನೆಯ ಹೆಣ್ಣುಮಕ್ಕಳೇ ನಿಲ್ಲುತ್ತಿದ್ದರು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ ಹೀಗೆ ಹನ್ನೆರಡು ಮಹಾಕಥನಗಳು ಅವರ ಬಾಯಲ್ಲಿದ್ದವು. ಅಷ್ಟನ್ನೂ ಅಚ್ಚು ಹಾಕಿದರೆ ಸುಮಾರು ಏಳು ಸಾವಿರ ಪುಟ ಆಗುತ್ತದಂತೆ. ಏಳು ಸಾವಿರ ಪುಟ ಓದಿದವರೇ ನಮ್ಮಲ್ಲಿ ಎಷ್ಟು ಮಂದಿ ಸಿಕ್ಕಾರು, ಬಾಯಿಪಾಠ ಇಟ್ಟುಕೊಂಡವರ ಮಾತು ಬಿಡಿ.

ಊರಿನ ಚರಿತ್ರೆ ಉಳಿಸುವುದೆಂದರೆ ನಮ್ಮ ಕಣ್ಣಿಗೆ ಬರುವುದು ಶಾಸನ, ವೀರಗಲ್ಲು, ಕೋಟೆಗೋಡೆ, ಅದರ ಸುತ್ತ ತಂತಿಬೇಲಿ, ಒಂದು ನೀಲಿ ಫಲಕ. ಹಂಪಿ ಪಕ್ಕದಲ್ಲೇ ಇರುವ ನಮಗೆ ಈ ಅಭ್ಯಾಸ ಸ್ವಲ್ಪ ಹೆಚ್ಚು. ಕಲ್ಲು ಬೇಕು, ಬೇಡವೆನ್ನುವುದಿಲ್ಲ. ಆದರೆ ಕಲ್ಲು ಹಾಕಿಸುವವನು ಸಾಮಾನ್ಯವಾಗಿ ಗೆದ್ದವನು. ದಿಲ್ಲಿಯ ಆಸ್ಥಾನದ ಇತಿಹಾಸಕಾರರಿಗೆ ಕಂಪ್ಲಿ ಗೆದ್ದ ಹಲವು ಕೋಟೆಗಳಲ್ಲಿ ಒಂದು. ಸೋತ ಊರಿನವರು ಏನು ಮಾಡಬೇಕು? ಈ ಸೀಮೆಯ ಜನ ಸೋತ ರಾಜಕುಮಾರನನ್ನು ಹಾಡಾಗಿಸಿ ಇಟ್ಟುಕೊಂಡರು. ಕಂಪಿಲರಾಯನ ಮಗ ಕುಮಾರರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅವಳು ಅವನನ್ನು ಬಯಸುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ. ಅವಳ ಚಾಡಿ ಕೇಳಿದ ತಂದೆ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ರಾಮನನ್ನು ಬಚ್ಚಿಡುತ್ತಾನೆ. ದಿಲ್ಲಿಯ ದಂಡು ಬಂದಾಗ ರಾಮ ಹೊರಗೆ ಬರುತ್ತಾನೆ, ಕೊನೆಗೆ ಮಾತಂಗಿ ಎಂಬ ಹೆಣ್ಣಿನ ಕೈಯಲ್ಲಿ ಮಡಿಯುತ್ತಾನೆ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಇದನ್ನೇ ಸಾಂಗತ್ಯದಲ್ಲಿ ಬರೆದ. ಓದುಬರಹವಿಲ್ಲದವರ ಕಡೆಯಲ್ಲಿ ಅದು ಬಾಯಿಂದ ಬಾಯಿಗೆ ಬೇರೆ ದಾರಿ ಹಿಡಿದು ಈರಮ್ಮನವರೆಗೆ ಬಂತು.

ಇದೆಲ್ಲ ನಿಜವಾಗಿ ನಡೆದದ್ದೇ ಎಂದು ಕೇಳಿದರೆ, ಚೆಂಡಿನ ಮಾತನ್ನು ಸಾಬೀತು ಮಾಡಲು ಯಾರಿಗೂ ಆಗದು. ಆದರೆ ಒಂದು ರಾಜ್ಯ ಯಾಕೆ ಬಿತ್ತು ಎನ್ನುವುದಕ್ಕೆ ಹೊರಗಿನ ದಂಡಿಗಿಂತ ಮೊದಲು ಮನೆಯೊಳಗಿನ ಮುನಿಸನ್ನು ತೋರಿಸುವ ಈ ಕಥೆಯ ಬುದ್ಧಿ ನನಗೆ ತೂಕದ್ದಾಗಿ ಕಾಣುತ್ತದೆ. ಆಸ್ಥಾನದ ಬರಹಗಾರನಿಗೆ ಹೊಳೆಯುವ ಮಾತಲ್ಲ ಅದು. ಕುಮ್ಮಟದುರ್ಗ, ಹೊಸಮಲೆ ಎಂಬ ಕಂಪಿಲರಾಯನ ಕೋಟೆಗಳ ಹೆಸರುಗಳು ನಮ್ಮ ಹಳ್ಳಿಯವರ ಬಾಯಲ್ಲಿ ಇಂದಿಗೂ ಇರುವುದಕ್ಕೆ ಪಾಠಪುಸ್ತಕ ಕಾರಣ ಎಂದು ನಾನಂತೂ ನಂಬುವುದಿಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈರಮ್ಮನವರ ಕಥನಗಳಲ್ಲಿ ಕೆಲವನ್ನು ಅಚ್ಚಿಗೆ ತಂದಿತು, 2003ರಲ್ಲಿ ಅವರಿಗೆ ನಾಡೋಜ ಗೌರವ ಕೊಟ್ಟಿತು. ರಾಜ್ಯೋತ್ಸವ ಪ್ರಶಸ್ತಿ ಅದಕ್ಕೂ ಮೊದಲೇ ಬಂದಿತ್ತು. ಪ್ರಶಸ್ತಿ ಕೊಡುವುದರಲ್ಲಿ ನಾವು ಜಿಪುಣರಲ್ಲ. ಕೂತು ಕೇಳುವುದರಲ್ಲಿ ಮಾತ್ರ ಜಿಪುಣರು.

ಇದನ್ನು ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮದು ಊರುಗಳೇ ಮುಳುಗಿದ ಸೀಮೆ. 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಕೂಡಿ ತುಂಗಭದ್ರೆಗೆ ಅಣೆಕಟ್ಟು ಶುರುಮಾಡಿದವು. 1953ರಲ್ಲಿ ನೀರು ನಿಂತಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೂ ಅದೇ. ಸುಮಾರು ತೊಂಬತ್ತು ಹಳ್ಳಿಗಳು ನೀರಿನಡಿ ಹೋದವು, ಐವತ್ತು ಸಾವಿರಕ್ಕೂ ಮಿಕ್ಕಿ ಜನ ಮನೆಮಠ ಬಿಟ್ಟೆದ್ದರು. ನಮ್ಮ ತಾಲ್ಲೂಕಿನ ಹಂಪಸಾಗರ ಬೇರೆ ಕಡೆ ಎದ್ದು ನಿಂತಿತು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದರು.

ಆ ನಾರಾಯಣದೇವರಕೆರೆ ಹತ್ತೊಂಬತ್ತನೆಯ ಶತಮಾನದ ಹರಿದಾಸಿ ಹರಪನಹಳ್ಳಿ ಭೀಮವ್ವನವರ ತವರು. ಕೊಟ್ಟ ಊರು ಹರಪನಹಳ್ಳಿ, ಅಂಕಿತ ಭೀಮೇಶಕೃಷ್ಣ. ಹುಟ್ಟಿದೂರು ನೀರಿನಡಿ ಹೋದರೂ ಅವರ ಹಾಡುಗಳು ಹೋಗಲಿಲ್ಲ. ಆರತಿಗೆ, ಹಸೆಗೆ, ಬೀಗರ ಮುಯ್ಯಕ್ಕೆ ಹಾಡಿಕೊಂಡು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹಾಡಿನ ನೋಟುಪುಸ್ತಕವನ್ನೂ ಜೊತೆಗೆ ಕಳಿಸಿ ಹೆಣ್ಣುಮಕ್ಕಳೇ ಅವನ್ನು ದಾಟಿಸಿದರು. ಈರಮ್ಮ ಮತ್ತು ಭೀಮವ್ವ ಎರಡು ಬೇರೆ ಲೋಕದವರು, ಜಾತಿ ಬೇರೆ, ದೇವರು ಬೇರೆ, ಕೇಳುವವರೂ ಬೇರೆ. ಇಬ್ಬರ ಗಂಟನ್ನೂ ಕಾದದ್ದು ಹೆಂಗಸರ ನೆನಪು.

ಮುಳುಗಡೆಯ ಕಡತಗಳಲ್ಲಿ ಸರ್ವೆ ನಂಬರು, ಎಕರೆ, ಪರಿಹಾರದ ರೂಪಾಯಿ ಸಿಗಬಹುದು. ಯಾವ ಓಣಿಯಲ್ಲಿ ಯಾರ ಮನೆಗೆ ಯಾರ ಮನೆ ತಾಗಿತ್ತು, ಹಬ್ಬಕ್ಕೆ ಮೊದಲ ಕಾಯಿ ಯಾರದು, ಕೇರಿಯವರಿಗೆ ಯಾವ ಬಾವಿ, ಯಾವ ಬಾವಿ ಅಲ್ಲ, ಇವಕ್ಕೆ ಕಡತದಲ್ಲಿ ಕಾಲಂ ಇರುವುದಿಲ್ಲ. ಇವು ಅಜ್ಜಿಯರಲ್ಲಿವೆ. ನೀರು ನಿಂತಾಗ ಹತ್ತು ವರ್ಷದವರಾಗಿದ್ದ ಹುಡುಗಿಯರು ಈಗ ಎಂಬತ್ತು ದಾಟಿದ್ದಾರೆ. ಈರಮ್ಮನವರ ಹಾಗೆ ಹನ್ನೆರಡು ಕಥನ ಅವರಿಗೆ ಬಾರದಿರಬಹುದು, ತಮ್ಮ ಓಣಿಯೊಂದು ಬರುತ್ತದೆ.

ಹೊಸ ಜಿಲ್ಲೆ ವಿಜಯನಗರ 2021ರಲ್ಲಿ ಆಯಿತು. ಹೊಸ ಜಿಲ್ಲೆಗೆ ಹೊಸ ಚರಿತ್ರೆ ಬರೆಸುವ ಉತ್ಸಾಹ ಸಹಜ, ಅದರಲ್ಲಿ ಕೃಷ್ಣದೇವರಾಯನಿಗೆ ಜಾಗ ಕಡಿಮೆ ಆಗುವ ಭಯವೇನಿಲ್ಲ. ಹಳೇ ಹಂಪಸಾಗರದ ಓಣಿಗೆ ಜಾಗ ಸಿಗಬೇಕಾದರೆ ಯಾವುದಾದರೂ ಮನೆಯ ಸೊಸೆಯೋ ಮೊಮ್ಮಗಳೋ ಕೂತು ಬರೆದುಕೊಳ್ಳಬೇಕು. ಓದುಬರಹ ಬರುವ ಹೆಣ್ಣುಮಕ್ಕಳು ಈಗ ಪ್ರತಿ ಮನೆಯಲ್ಲೂ ಇದ್ದಾರೆ, ದನಿ ಹಿಡಿಯುವ ಮೊಬೈಲ್ ಅವರ ಕೈಯಲ್ಲೇ ಇದೆ.

ಒಂದು ಮಾತು ಮಾತ್ರ ನೆನಪಿರಲಿ. "ಅಜ್ಜಿ, ನಿಮ್ಮೂರಿನ ಇತಿಹಾಸ ಹೇಳ್ರಿ" ಎಂದರೆ ಅವರು ಗಾಬರಿಯಾಗಿ, "ನಂಗೇನು ಗೊತ್ತವ್ವಾ, ಗಂಡಸರನ್ನು ಕೇಳು" ಎಂದು ಬಾಯಿ ಮುಚ್ಚುತ್ತಾರೆ. ಇಸವಿ ಕೇಳಬೇಡಿ. "ಹಳೇ ಊರಾಗ ನೀರು ಎಲ್ಲಿಂದ ತರ್ತಿದ್ರಿ?" ಎಂದು ಕೇಳಿ. ಬಾವಿಯ ದಾರಿ ಹೇಳುತ್ತ ಹೇಳುತ್ತ ಆ ದಾರಿಯ ಮನೆಗಳು ಬರುತ್ತವೆ, ಮನೆಯವರು ಬರುತ್ತಾರೆ, ಅವರ ಜಗಳವೂ ಬರುತ್ತದೆ. ಜಗಳ ಬಂತೆಂದು ರೆಕಾರ್ಡಿಂಗ್ ನಿಲ್ಲಿಸಬೇಡಿ.